ರಾಜ್‌ದೂತ್ 350: ಆಕ್ಸಿಲರೇಟರ್‌ಗಿಂತ ಮೊದಲು ಬ್ರೇಕ್

ಹಳೆಯ ಜಪಾನಿ ಗಾಡಿ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಆರ್‌ಎಕ್ಸ್ 100. ಅದನ್ನು ಓಡಿಸಿಯೂ ಆಸೆ ತೀರದವರು ಕಣ್ಣು ಹಾಕುವುದು ಅದೇ ಮನೆತನದ ದೊಡ್ಡ ಗಾಡಿಯ ಮೇಲೆ. ಯಮಹಾ ಆರ್‌ಡಿ 350, ಆರ್‌ಸಿ ಪುಸ್ತಕದ ಹೆಸರಿನಲ್ಲಿ ರಾಜ್‌ದೂತ್ 350. ಅದನ್ನು ಕೊಳ್ಳಲು ಹೊರಟವರಿಗೆ, ಇಲ್ಲವೇ ಚಿಕ್ಕಪ್ಪನ ಕಾಲದಿಂದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತದ್ದನ್ನು ಮತ್ತೆ ರಸ್ತೆಗಿಳಿಸಬೇಕು ಅಂದುಕೊಂಡವರಿಗೆ ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಗಾಡಿಯಲ್ಲಿ ಓಡುವ ಶಕ್ತಿಗೂ ನಿಲ್ಲುವ ಶಕ್ತಿಗೂ ಹೊಂದಾಣಿಕೆ ಇಲ್ಲ. ಎಂಜಿನ್ ಇವತ್ತಿಗೂ ಬೆಚ್ಚಿಬೀಳಿಸುತ್ತದೆ. ಬ್ರೇಕು, ಟಯರು, ಶಾಕ್ ಅಬ್ಸಾರ್ಬರ್ ಮಾತ್ರ ಎಪ್ಪತ್ತರ ದಶಕದವು. ಹಾಗಾಗಿ ಕೆಳಗಿನ ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಿ. ಕಾಗದ, ಎಂಜಿನ್ ಪರೀಕ್ಷೆ, ಬ್ರೇಕ್, ಆಯಿಲ್ ಎಲ್ಲ ಮುಗಿದ ಮೇಲೆ ಬಲಗೈ ತಿರುಗಿಸುವ ಸಂಭ್ರಮ.

ಮೊದಲು ಗಾಡಿಯ ಕುಲಗೋತ್ರ

ಯಮಹಾ ಈ ಗಾಡಿಯನ್ನು 1973ರಲ್ಲಿ ಹೊರತಂದಿತು. ಅದಕ್ಕೂ ಮೊದಲು ಆರ್5 ಎಂಬ 350 ಇತ್ತು, ಐದು ಗೇರಿನದು. ಅದಕ್ಕೆ ಆರನೇ ಗೇರ್ ಸೇರಿಸಿ, ಇನ್‌ಟೇಕ್‌ನಲ್ಲಿ ರೀಡ್ ವಾಲ್ವ್ ಕೂರಿಸಿ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಟ್ಟು ಆರ್‌ಡಿ ಮಾಡಿದರು. 347 ಸಿಸಿ, ಅಕ್ಕಪಕ್ಕ ಎರಡು ಸಿಲಿಂಡರ್, ಗಾಳಿಯಲ್ಲಿ ತಣಿಯುವ ಟೂ ಸ್ಟ್ರೋಕ್ ಎಂಜಿನ್. ಬೋರ್ 64 ಮಿ.ಮೀ., ಸ್ಟ್ರೋಕ್ 54 ಮಿ.ಮೀ., ಶಕ್ತಿ 39 ಎಚ್‌ಪಿ. ಯಮಹಾದ ರೇಸ್ ಗಾಡಿ ಟಿಜೆಡ್ 350ಕ್ಕೂ ಇದಕ್ಕೂ ರಕ್ತಸಂಬಂಧ. ಫಿನ್‌ಲೆಂಡಿನ ರೇಸರ್ ಜಾರ್ನೊ ಸಾರಿನೆನ್ 1973ರಲ್ಲಿ ಅಮೆರಿಕದ ಡೇಟೋನಾ 200 ರೇಸ್ ಗೆದ್ದದ್ದು ಯಮಹಾ 350ರ ಮೇಲೆ, ದೊಡ್ಡ ಸಿಸಿ ಗಾಡಿಗಳನ್ನೆಲ್ಲ ಹಿಂದೆ ಹಾಕಿ.

ಭಾರತಕ್ಕೆ ಇದನ್ನು ತಂದದ್ದು ರಾಜ್‌ದೂತ್ ಗಾಡಿ ತಯಾರಿಸುತ್ತಿದ್ದ ಎಸ್ಕಾರ್ಟ್ಸ್ ಕಂಪನಿ, 1983ರಲ್ಲಿ. ಆಗ ನಮ್ಮ ರಸ್ತೆಯಲ್ಲಿ ದೊಡ್ಡ ಗಾಡಿ ಎಂದರೆ 18 ಎಚ್‌ಪಿಯ ಬುಲೆಟ್ಟು, ಮೈಸೂರಿನಲ್ಲಿ ತಯಾರಾಗುತ್ತಿದ್ದ 16 ಎಚ್‌ಪಿಯ ಯೆಜ್ಡಿ ರೋಡ್‌ಕಿಂಗ್. ಅಂಥ ಹೊತ್ತಿನಲ್ಲಿ 30.5 ಎಚ್‌ಪಿಯ ಗಾಡಿ ಬಂತು. ಮೈಲೇಜಿಗಾಗಿ ಪೋರ್ಟು (ಸಿಲಿಂಡರಿನ ಗೋಡೆಯಲ್ಲಿ ಪೆಟ್ರೋಲ್-ಗಾಳಿ, ಹೊಗೆ ಹಾಯುವ ತೂತು), ಸೈಲೆನ್ಸರುಗಳನ್ನು ಬದಲಿಸಿ ಜಪಾನಿನ 39 ಎಚ್‌ಪಿಯನ್ನು ಇಳಿಸಿಯೇ ಇಷ್ಟು! ಖರ್ಚು ಉಳಿಸಲು ಮುಂದಿನ ಡಿಸ್ಕ್ ತೆಗೆದು ಹಳೆಯ ಮಾದರಿಯ ಡ್ರಮ್ ಹಾಕಿದರು. ಇದೇ ಮೊದಲ ಮಾದರಿ, ಹೈ ಟಾರ್ಕ್. ಎಲ್ಲರೂ ಎಚ್‌ಟಿ ಅನ್ನುತ್ತಾರೆ. 1985ರ ಹೊತ್ತಿಗೆ ಇನ್ನಷ್ಟು ಮೈಲೇಜಿಗಾಗಿ 27 ಎಚ್‌ಪಿಗೆ ಇಳಿಸಿದ್ದು ಲೋ ಟಾರ್ಕ್, ಅಂದರೆ ಎಲ್‌ಟಿ. ಅಷ್ಟರಲ್ಲಿ 100 ಸಿಸಿ ಜಪಾನಿ ಗಾಡಿಗಳು ಒಂದರ ಹಿಂದೊಂದು ಬಂದವು. ಲೀಟರಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಕೊಡುವ ಗಾಡಿಯನ್ನು ಯಾರು ಕೇಳಬೇಕು? ದಶಕ ಮುಗಿಯುವ ಹೊತ್ತಿಗೆ ಉತ್ಪಾದನೆ ನಿಂತಿತು.

ಎಚ್‌ಟಿಯೋ ಎಲ್‌ಟಿಯೋ ಎಂಬ ಚರ್ಚೆಯಲ್ಲಿ ಸ್ನೇಹಗಳೇ ಮುರಿದಿವೆ. ನನ್ನ ಅಭಿಪ್ರಾಯ ಇಷ್ಟೇ: ಸರಿಯಾಗಿರುವ ಎಲ್‌ಟಿ ಸಿಕ್ಕರೆ, ಹಾಳಾದ ಎಚ್‌ಟಿಗಾಗಿ ಕಾಯಬೇಡಿ. ಇಷ್ಟು ವರ್ಷಗಳಲ್ಲಿ ಬ್ಯಾರಲ್ (ಪಿಸ್ಟನ್ ಆಡುವ ಸಿಲಿಂಡರ್), ಕಾರ್ಬುರೇಟರ್, ಸೈಲೆನ್ಸರ್ ಎಲ್ಲ ಅದಲುಬದಲಾಗಿ, ಎಚ್‌ಟಿ ಎಂದು ಮಾರಾಟಕ್ಕಿರುವ ಎಷ್ಟೋ ಗಾಡಿಗಳಲ್ಲಿ ಎಚ್‌ಟಿ ಅನ್ನುವುದು ಮಾರುವವನ ಬಾಯಲ್ಲಷ್ಟೇ ಇರುತ್ತದೆ.

ಹಂತ 1: ಕಾಗದ ನೋಡಿ, ಆಮೇಲೆ ಗಾಡಿ

ಪೇಂಟು, ಕ್ರೋಮಿಯಂ ನೋಡಿ ಮನಸೋಲುವ ಮೊದಲು ಆರ್‌ಸಿ ಕೈಗೆ ತೆಗೆದುಕೊಳ್ಳಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲಿನ ಅಚ್ಚಿನ ಜೊತೆ ಅಂಕಿ ಅಂಕಿಯಾಗಿ ಹೋಲಿಸಿ. ಮೇಲೆ ಗ್ರೀಸು, ಪೇಂಟು ಮೆತ್ತಿಕೊಂಡಿದ್ದರೆ ಬಟ್ಟೆಯಲ್ಲಿ ಉಜ್ಜಿ ನೋಡಿ. ಅಂಕಿಗಳ ಸುತ್ತ ಗ್ರೈಂಡರ್ ಆಡಿಸಿದ ಗುರುತು ಕಂಡರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಂದ ಎದ್ದು ಬನ್ನಿ. ಎಂಜಿನ್ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ದಾಖಲೆ ಜೀವಂತ ಇದೆಯೇ ಎಂದೂ ನೋಡಿಕೊಳ್ಳಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒಗೆ ಒಯ್ದು ತೋರಿಸಿ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಬೇರೆ ರಾಜ್ಯದ ಗಾಡಿಯಾದರೆ ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. 1983ರ ಗಾಡಿಗೆ ಅದು ಇನ್ನೂ ಅನ್ವಯಿಸುವುದಿಲ್ಲ. ಅಭಿಮಾನಿಗಳು ಎಷ್ಟೇ ವಿಂಟೇಜ್ ಅಂದರೂ ಕಾನೂನಿನ ಕಣ್ಣಿಗೆ ಇದು ಬರೀ ಹಳೆಯ ಗಾಡಿ.

ಹಂತ 2: ತಣ್ಣಗಿರುವಾಗ ಎಂಜಿನ್ ಪರೀಕ್ಷಿಸಿ

ಮಾರುವವರಿಗೆ ಫೋನಿನಲ್ಲೇ ಹೇಳಿ: ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಬ್ಯಾರಲ್ ಮುಟ್ಟಿ ನೋಡಿ. ಬಿಸಿಯಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳಿ, ಇಲ್ಲವೇ ಅದು ತಣಿಯುವವರೆಗೆ ಕೂತು ಟೀ ಕುಡಿಯಿರಿ.

ಇಗ್ನಿಷನ್ ಆಫ್ ಇಟ್ಟು ಕಿಕ್ಕರ್ ಅನ್ನು ಕೈಯಲ್ಲಿ ನಿಧಾನ ಒತ್ತಿ. ಎರಡೂ ಸಿಲಿಂಡರುಗಳ ಕಂಪ್ರೆಷನ್ ಒಂದಾದ ಮೇಲೊಂದು ಸಮಸಮವಾಗಿ ಕೈಗೆ ತಾಗಬೇಕು. ಒಂದು ಬಿಗಿ ಒಂದು ಸಡಿಲ ಇದ್ದರೆ ಬೋರ್ ಕೆಲಸ, ಅಂದರೆ ಸವೆದ ಬ್ಯಾರಲ್ಲನ್ನು ಕೊರೆದು ಅಗಲಿಸಿ ದೊಡ್ಡ ಅಳತೆಯ (ಓವರ್‌ಸೈಜ್) ಪಿಸ್ಟನ್ ಹಾಕುವ ಕೆಲಸ ಕಾದಿದೆ. ಪಿಸ್ಟನ್ ಯಾವ ಓವರ್‌ಸೈಜಿನದು ಎಂದು ಕೇಳಿ. ಕೊನೆಯ ಓವರ್‌ಸೈಜ್ ಆಗಿಹೋಗಿದ್ದರೆ ಮುಂದಿನ ಸಲ ಬ್ಯಾರಲ್‌ಗೆ ಹೊಸ ಲೈನರ್ ಹೊಡೆಸಬೇಕಾಗುತ್ತದೆ. ಬೆಲೆ ಮಾತಾಡುವಾಗ ಇದು ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ.

ಸ್ಟಾರ್ಟ್ ಮಾಡಿದ ಮೇಲೆ ಹೊಗೆ ನೋಡಿ. ಟೂ ಸ್ಟ್ರೋಕ್ ಅಂದಮೇಲೆ ಶುರುವಿಗೆ ಹೊಗೆ ಇದ್ದೇ ಇರುತ್ತದೆ. ಎಂಜಿನ್ ಬಿಸಿಯಾಗುತ್ತ ಅದು ತೆಳುವಾಗಬೇಕು. ಬಿಸಿಯಾದ ಮೇಲೂ ಬಲಗಡೆಯ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದರೆ, ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋಗಿ ಗೇರ್ ಆಯಿಲ್ ಎಂಜಿನ್ನಿನೊಳಗೆ ಎಳೆದುಕೊಳ್ಳುತ್ತಿದೆ. ಎಡಗಡೆಯ, ಅಂದರೆ ಆಲ್ಟರ್ನೇಟರ್ ಬದಿಯ ಸೀಲ್ ಹೋದರೆ ಹೊಗೆ ಇರುವುದಿಲ್ಲ, ಅಪಾಯ ಹೆಚ್ಚು. ಅಲ್ಲಿಂದ ಗಾಳಿ ಒಳಗೆ ನುಗ್ಗಿ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ, ಪಿಸ್ಟನ್ ಕಾಯುತ್ತದೆ. ಅದರ ಲಕ್ಷಣ ಹೀಗಿರುತ್ತದೆ: ಒಮ್ಮೆ ರೇಸ್ ಮಾಡಿ ಬಿಟ್ಟರೆ ಆರ್‌ಪಿಎಂ ತಟ್ಟನೆ ಇಳಿಯದೆ ಮೇಲೇ ತೂಗಾಡುತ್ತ ನಿಲ್ಲುತ್ತದೆ. ಬಹಳ ವರ್ಷ ನಿಂತಿದ್ದ ಗಾಡಿಯಲ್ಲಿ ಈ ರಬ್ಬರ್ ಸೀಲುಗಳು ಒಣಗಿ ಗಟ್ಟಿಯಾಗಿರುತ್ತವೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ಅವನ್ನು ಬದಲಿಸಲು ಎಂಜಿನ್ ಪೂರ್ತಿ ಬಿಚ್ಚಬೇಕು. ಹೇಗೂ ಬಿಚ್ಚುವಾಗ ಕ್ರ್ಯಾಂಕಿನ ಬೇರಿಂಗ್‌ಗಳನ್ನೂ ನೋಡಿಸಿಬಿಡಿ.

ಇನ್ನೊಂದು ಸಣ್ಣ ಪರೀಕ್ಷೆ. ಸ್ಟಾರ್ಟ್ ಆಗಿ ಅರ್ಧ ನಿಮಿಷಕ್ಕೆ ಎರಡೂ ಸೈಲೆನ್ಸರ್ ಪೈಪುಗಳ ಮೇಲೆ, ಬ್ಯಾರಲ್‌ಗೆ ಹತ್ತಿರದಲ್ಲಿ, ನೀರಿನ ಹನಿ ಬಿಡಿ. ಎರಡರಲ್ಲೂ ಚುರ್ ಎಂದು ಆರಬೇಕು. ಒಂದರಲ್ಲಿ ಹನಿ ಹಾಗೇ ನಿಂತರೆ ಆ ಬದಿ ಸತ್ತಿದೆ. ಒಂದೇ ಸಿಲಿಂಡರಿನಲ್ಲೂ ಈ ಗಾಡಿ ಹೇಗೋ ಓಡುವುದರಿಂದ ಎಷ್ಟೋ ಜನಕ್ಕೆ ಇದು ಗೊತ್ತೇ ಆಗುವುದಿಲ್ಲ. ‘ಪಿಕಪ್ ಸ್ವಲ್ಪ ಕಡಿಮೆ ಸಾರ್’ ಅಂದು ಸುಮ್ಮನಾಗುತ್ತಾರೆ.

ಹಂತ 3: ಮುಂದಿನ ಡ್ರಮ್ಮನ್ನು ನೀವೇ ಸರಿಮಾಡಿ

ಈ ಕೆಲಸಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಗ್ಯಾರೇಜಿನಲ್ಲಿ ಇದನ್ನು ಯಾರೂ ತಾಳ್ಮೆಯಿಂದ ಮಾಡಿಕೊಡುವುದಿಲ್ಲ.

ಮುಂದಿನದು ಏಳು ಇಂಚಿನ ಡ್ರಮ್, ಒಳಗೆ ಎರಡು ಶೂ. ಸಾಮಾನ್ಯ ಡ್ರಮ್ಮಿನಲ್ಲಿ ಒಂದೇ ಕ್ಯಾಮ್ ಎರಡೂ ಶೂಗಳನ್ನು ಅಗಲಿಸುತ್ತದೆ. ಅದರಲ್ಲಿ ಒಂದು ಶೂವನ್ನು ಚಕ್ರವೇ ಎಳೆದು ಇನ್ನಷ್ಟು ಬಿಗಿ ಮಾಡುತ್ತದೆ, ಇನ್ನೊಂದನ್ನು ಡ್ರಮ್ಮಿನಿಂದ ದೂರ ತಳ್ಳುತ್ತದೆ. ಇಲ್ಲಿ ಹಾಗಿಲ್ಲ. ಶೂಗೊಂದು ಕ್ಯಾಮ್, ಕ್ಯಾಮಿಗೊಂದು ಲಿವರ್, ಎರಡೂ ಲಿವರ್‌ಗಳ ನಡುವೆ ಒಂದು ಕಡ್ಡಿ. ಮುಂದಕ್ಕೆ ಹೋಗುವಾಗ ಎರಡೂ ಶೂಗಳು ತಾವಾಗಿ ಬಿಗಿಯುವ ದಿಕ್ಕಿನಲ್ಲೇ ಇರುತ್ತವೆ. ಹೊಂದಿಸಿದ್ದು ಸರಿಯಿದ್ದರೆ ಈ ಬ್ರೇಕ್ ಅಷ್ಟು ಕೆಟ್ಟದ್ದಲ್ಲ. ತಪ್ಪಿದ್ದರೆ ಒಂದೇ ಶೂ ಕೆಲಸ ಮಾಡುತ್ತದೆ, ಇನ್ನೊಂದು ಸುಮ್ಮನೆ ಕೂತಿರುತ್ತದೆ. ಆರ್‌ಡಿಗೆ ಬ್ರೇಕೇ ಇಲ್ಲ ಎಂಬ ದೂರಿನಲ್ಲಿ ಅರ್ಧ ಹುಟ್ಟಿದ್ದು ಆ ಕಡ್ಡಿಯಿಂದ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಮುಂದಿನ ಚಕ್ರ ನೆಲ ಬಿಡುವ ಹಾಗೆ ಎಂಜಿನ್ ಕೆಳಗೆ ಮರದ ತುಂಡು ಕೊಡಿ. ಬ್ರೇಕ್ ಕೇಬಲ್ ಸಡಿಲಿಸಿ. ಆ ಕಡ್ಡಿಯ ಪಿನ್ ತೆಗೆದು ಒಂದು ತುದಿ ಬಿಡಿಸಿ. ಈಗ ಒಂದೊಂದೇ ಲಿವರನ್ನು ಕೈಯಲ್ಲಿ ಒತ್ತಿ ನೋಡಿ, ಶೂ ಡ್ರಮ್ಮಿಗೆ ತಾಗಿ ನಿಲ್ಲುವ ಜಾಗ ಬೆರಳಿಗೆ ಗೊತ್ತಾಗುತ್ತದೆ. ಎರಡನ್ನೂ ಆ ತಾಗುವ ಜಾಗದಲ್ಲೇ ಹಿಡಿದುಕೊಂಡು (ಇನ್ನೊಬ್ಬರ ಕೈ ಬೇಕು, ಮನೆಯವರನ್ನು ಕರೆಯಿರಿ), ಕಡ್ಡಿಯ ಉದ್ದವನ್ನು ತಿರುಗಿಸಿ ಹೊಂದಿಸಿ. ಯಾವ ಲಿವರನ್ನೂ ಕದಲಿಸದೆ ಪಿನ್ ತಾನಾಗಿ ತೂತಿಗೆ ಇಳಿಯಬೇಕು. ಇಳಿದರೆ ಲಾಕ್ ನಟ್ ಬಿಗಿ ಮಾಡಿ, ಪಿನ್ ಭದ್ರಪಡಿಸಿ. ಆಮೇಲಷ್ಟೇ ಕೇಬಲ್ ಬಿಗಿ ಸರಿಮಾಡಿ. ಚಕ್ರ ಕೈಯಲ್ಲಿ ತಿರುಗಿಸಿದರೆ ಉಜ್ಜದೆ ತಿರುಗಬೇಕು.

ಹೊಸ ಶೂ ಹಾಕಿದ್ದರೆ ಅದು ಡ್ರಮ್ಮಿನ ಒಳಮೈಗೆ ಪೂರ್ತಿ ಕೂರುವವರೆಗೆ ಕೆಲವು ದಿನ ಹಿಡಿತ ಕಡಿಮೆ. ಡ್ರಮ್ ಅಂಡಾಕಾರವಾಗಿದ್ದರೆ ಲಿವರ್ ಕೈಯಲ್ಲಿ ಮಿಡಿಯುತ್ತದೆ, ಚಕ್ರ ಸಮೇತ ಲೇತಿಗೆ ಕೊಡಬೇಕು.

ಈ ಬ್ರೇಕಿನ ಎರಡು ಗುಣಗಳು ತಲೆಯಲ್ಲಿರಲಿ. ದಿಣ್ಣೆಯಲ್ಲಿ ಗಾಡಿ ಹಿಂದಕ್ಕೆ ಜಾರುವಾಗ ಮುಂದಿನ ಬ್ರೇಕ್ ಹೆಚ್ಚು ಕಡಿಮೆ ಹಿಡಿಯುವುದೇ ಇಲ್ಲ, ಯಾಕೆಂದರೆ ಹಿಂದಕ್ಕೆ ತಿರುಗುವ ಚಕ್ರ ಎರಡೂ ಶೂಗಳನ್ನು ಡ್ರಮ್ಮಿನಿಂದ ದೂರ ತಳ್ಳುತ್ತದೆ. ಸಿಗ್ನಲ್ಲಿನಲ್ಲಿ ಏರು ಇದ್ದರೆ ಬಲಗಾಲು ಹಿಂದಿನ ಬ್ರೇಕ್ ಮೇಲಿರಲಿ. ಇನ್ನೊಂದು, ಗಾಡಿ ತೊಳೆದ ಮೇಲೆ ಅಥವಾ ಮಳೆಯಲ್ಲಿ ಹೋದ ಮೇಲೆ ಮೊದಲ ಹಿಡಿತಕ್ಕೆ ಏನೂ ಸಿಗದೆ, ಆಮೇಲೆ ಒಮ್ಮೆಲೇ ಕಚ್ಚಿಕೊಳ್ಳಬಹುದು. ಬೀದಿ ದಾಟುವ ಮೊದಲೇ ನಿಧಾನ ಹೋಗುತ್ತ ಒತ್ತಿ ಒತ್ತಿ ಒಣಗಿಸಿಕೊಳ್ಳಿ.

ಹಂತ 4: ಆಟೋಲೂಬ್

ಈ ಗಾಡಿಯಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಬೇಕಿಲ್ಲ. ಬೇರೆ ಆಯಿಲ್ ಟ್ಯಾಂಕ್ ಇದೆ, ಎಂಜಿನ್ನಿನಿಂದ ತಿರುಗುವ ಪುಟ್ಟ ಪಂಪ್ ಇದೆ. ಪಂಪಿಗೆ ಆಕ್ಸಿಲರೇಟರಿನಿಂದ ಒಂದು ಕೇಬಲ್ ಬರುತ್ತದೆ. ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ನೀವು ಬಲಗೈ ಎಷ್ಟು ತಿರುಗಿಸಿದ್ದೀರಿ, ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಪಂಪ್ ಆಯಿಲ್ ಕಳಿಸುತ್ತದೆ. ಇದೇ ಯಮಹಾದ ಆಟೋಲೂಬ್.

ಕೊಂಡ ಗಾಡಿಯ ಪಂಪ್ ಕೆಲಸ ಮಾಡುತ್ತಿದೆ ಎಂದು ಯಾರ ಮಾತಿನ ಮೇಲೂ ನಂಬಬೇಡಿ. ಶುರುವಿಗೆ ಒಂದೆರಡು ಟ್ಯಾಂಕ್ ಪೆಟ್ರೋಲಿಗೆ ಲೀಟರಿಗೆ 20 ಮಿ.ಲೀ. ಲೆಕ್ಕದಲ್ಲಿ 2ಟಿ ಆಯಿಲ್ ಬೆರೆಸಿಯೂ ಓಡಿಸಿ. ಹೊಗೆ ಜಾಸ್ತಿ ಬರುತ್ತದೆ, ಬರಲಿ. ಅಷ್ಟರಲ್ಲಿ ಆಯಿಲ್ ಟ್ಯಾಂಕಿನ ಮಟ್ಟ ಇಳಿಯುತ್ತಿದೆಯೇ ಎಂದು ಗುರುತು ಹಾಕಿ ನೋಡುತ್ತಿರಿ. ಇಳಿದರೆ ಪಂಪ್ ಬದುಕಿದೆ. ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾಗಿದ್ದರೆ, ಪೈಪ್ ಬಿಚ್ಚಿದ್ದರೆ, ಪಂಪಿನೊಳಗೆ ಗಾಳಿ ಸೇರಿರುತ್ತದೆ. ಪಂಪಿನ ಮೇಲಿರುವ ಬ್ಲೀಡ್ ಸ್ಕ್ರೂ ತೆಗೆದು, ಗುಳ್ಳೆ ನಿಂತು ಬರೀ ಆಯಿಲ್ ಹರಿಯುವವರೆಗೆ ಬಿಟ್ಟು ಮತ್ತೆ ಹಾಕಿ.

ನಮ್ಮಲ್ಲಿ ಬಹಳ ಗಾಡಿಗಳಲ್ಲಿ ಪಂಪ್ ಕಿತ್ತು ತೂತು ಮುಚ್ಚಿ, ಪೆಟ್ರೋಲಿಗೇ ಆಯಿಲ್ ಬೆರೆಸುತ್ತಾರೆ. ಹಾಗೆ ಮಾಡಿದರೆ ನಿಶ್ಚಿಂತೆ ಎಂದು ಮೇಸ್ತ್ರಿಗಳು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಇಳಿಜಾರು ಇಳಿಯುವಾಗ ಪೆಟ್ರೋಲ್ ಹೋಗುವುದೇ ಅತ್ಯಲ್ಪ ಎಂದರೆ ಅದರಲ್ಲಿ ಬೆರೆತ ಆಯಿಲ್ಲೂ ಅತ್ಯಲ್ಪವೇ. ಪಂಪ್ ಇದ್ದರೆ ಎಂಜಿನ್ ತಿರುಗುವಷ್ಟು ಕಾಲ ಸ್ವಲ್ಪವಾದರೂ ಕಳಿಸುತ್ತಿರುತ್ತದೆ. ಪಂಪ್ ಕೆಟ್ಟಿದ್ದರೆ ರಿಪೇರಿ ಮಾಡಿಸಿ. ಹಾಗಿದ್ದೂ ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ರೇಸ್ ಕೊಡಿ, ಎಂಜಿನ್ನಿಗೆ ಆಯಿಲ್ ಮುಟ್ಟಲಿ.

ಆಯಿಲ್ ವಿಷಯದಲ್ಲಿ ಜಿಪುಣತನ ಬೇಡ. ಒಳ್ಳೆಯ ಕಂಪನಿಯ, ಹೊಗೆ ಕಡಿಮೆ ಬರುವ 2ಟಿ ಆಯಿಲ್ ಬಳಸಿ. ಗೇರ್‌ಬಾಕ್ಸ್ ಆಯಿಲ್ ಬೇರೆ, ಅದನ್ನು ಇಲ್ಲಿ ಹಾಕಬೇಡಿ.

ಹಂತ 5: ಸ್ಟಾರ್ಟ್ ಮಾಡುವ ರೀತಿ

ಸೆಲ್ಫ್ ಇಲ್ಲ, ಕಿಕ್ಕರ್ ಒಂದೇ. ಪೆಟ್ರೋಲ್ ಆನ್ ಮಾಡಿ, ಚೋಕ್ ಎಳೆಯಿರಿ, ಇಗ್ನಿಷನ್ ಆಫ್ ಇರುವಾಗಲೇ ಒಂದೆರಡು ಸಲ ಮೆಲ್ಲಗೆ ಒದೆಯಿರಿ. ಆಮೇಲೆ ಕೀ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಒಂದು ಸರಿಯಾದ ಕಿಕ್. ಮುಟ್ಟಬೇಡಿ ಎಂದದ್ದಕ್ಕೆ ಕಾರಣ ಇದೆ. ಈ ಮಿಕುನಿ ಕಾರ್ಬುರೇಟರ್‌ಗಳಲ್ಲಿ ಚೋಕ್ ಎನ್ನುವುದು ಗಾಳಿ ಮುಚ್ಚುವ ತಟ್ಟೆಯಲ್ಲ. ಹೆಚ್ಚುವರಿ ಪೆಟ್ರೋಲ್ ಎಳೆಯುವ ಪ್ರತ್ಯೇಕ ದಾರಿ ಅದು. ಆಕ್ಸಿಲರೇಟರ್ ಎತ್ತಿ ಇಳಿಸುವ ಸ್ಲೈಡ್ ಕೆಳಗೆ ಕೂತಿದ್ದರೆ ಮಾತ್ರ ಆ ದಾರಿಯಲ್ಲಿ ಎಳೆತ ಹುಟ್ಟುತ್ತದೆ. ರೇಸ್ ಕೊಡುತ್ತ ಒದ್ದರೆ ಚೋಕ್ ಎಳೆದದ್ದೂ ವ್ಯರ್ಥ, ಕಾಲು ನೋವೂ ಉಚಿತ.

ಸ್ಟಾರ್ಟ್ ಆದ ಮೇಲೆ ಒಂದೆರಡು ನಿಮಿಷ ಹಾಗೇ ಬಿಡಿ. ಮೊದಲ ಕೆಲವು ಕಿಲೋಮೀಟರ್ 4,000 ಆರ್‌ಪಿಎಂ ದಾಟಬೇಡಿ. ಪಿಸ್ಟನ್ ಬೇಗ ಕಾದು ಉಬ್ಬುತ್ತದೆ, ಬ್ಯಾರಲ್ ನಿಧಾನ ಕಾಯುತ್ತದೆ. ತಣ್ಣನೆ ಗಾಡಿಯನ್ನು ಹಿಂಡಿದರೆ ಪಿಸ್ಟನ್ ಉಬ್ಬಿ ಬ್ಯಾರಲ್ಲಿನಲ್ಲಿ ಸಿಕ್ಕಿಬೀಳುತ್ತದೆ. ಸೀಜ್ ಆಗುವುದು ಬಿಸಿಲಲ್ಲಿ ಬಿಸಿಯಾಗಿ ಎಂದುಕೊಂಡವರು ಬಹಳ. ಮನೆಯಿಂದ ಹೊರಟ ಐದು ನಿಮಿಷಕ್ಕೇ ಸೀಜ್ ಆದ ಗಾಡಿಗಳು ಬೇಕಾದಷ್ಟಿವೆ.

ಹಂತ 6: ಓಡಿಸುವುದು

ಈ ಗಾಡಿಯಲ್ಲಿ ಸ್ಪೀಡೋಮೀಟರ್ ನೋಡುವುದಕ್ಕಿಂತ ಪಕ್ಕದಲ್ಲಿ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ನೋಡುವುದು ಮುಖ್ಯ, ಏಕೆಂದರೆ ಇದರಲ್ಲಿ ಎರಡು ಗಾಡಿಗಳಿವೆ.

ಮೊದಲನೆಯದು 4,000ದ ಕೆಳಗಿನ ಗಾಡಿ. ಸಾಧು. ಸೈಲೆನ್ಸರಿನಿಂದ ರಿಂಗ್ ಡಿಂಗ್ ಎಂದು ಬಿಡಿಬಿಡಿಯಾಗಿ ಸದ್ದು, ಹ್ಯಾಂಡಲಿನಲ್ಲಿ ಸಣ್ಣ ನಡುಕ, ನಡುವೆ ಆಗಾಗ ಒಂದೊಂದು ಬೆಂಕಿ ತಪ್ಪಿ ತೊದಲುವುದು. ರೀಡ್ ವಾಲ್ವ್ ಇರುವುದರಿಂದ, ಅಂದರೆ ಒಳಗೆ ಹೋದ ಮಿಶ್ರಣ ವಾಪಸ್ ಕಾರ್ಬುರೇಟರಿಗೆ ಉಗುಳದಂತೆ ತೆಳು ಎಲೆಗಳ ತಡೆ ಇರುವುದರಿಂದ, ಈ ಮಟ್ಟದಲ್ಲೂ ಗಾಡಿ ನಡೆಯುತ್ತದೆ. ತರಕಾರಿ ತರಲು ಹೋಗಬಹುದು. ಆದರೆ ಆರನೇ ಗೇರಿನಲ್ಲಿ 40ರಲ್ಲಿ ಎಳೆಯಬೇಡಿ. ಗೇರುಗಳು ಒಂದಕ್ಕೊಂದು ಹತ್ತಿರ ಇವೆ, ಆರೂ ಇರುವುದು ಬಳಸುವುದಕ್ಕೆ. ಊರೊಳಗೆ ಮೂರು, ನಾಲ್ಕರಲ್ಲೇ ಇರಿ.

ಎರಡನೆಯದು 5,000ದ ಆಸುಪಾಸಿನಿಂದ ಶುರು. ಸದ್ದು ಮೊದಲು ಬದಲಾಗುತ್ತದೆ, ಬಿಡಿಬಿಡಿ ಇದ್ದದ್ದು ಒಂದೇ ಎಳೆಯಾಗಿ ಕೂಗುತ್ತದೆ. ಆ ಕೂಗು ಕಿವಿಗೆ ಬಿದ್ದು ತಲೆಗೆ ಹೋಗುವಷ್ಟರಲ್ಲಿ ಹ್ಯಾಂಡಲ್ ಹಗುರಾಗಿರುತ್ತದೆ. ಬಲಗೈಯನ್ನು ನೀವು ಹೆಚ್ಚು ತಿರುಗಿಸಿಲ್ಲ, ಇದ್ದಲ್ಲೇ ಹಿಡಿದಿದ್ದೀರಿ, ಆದರೂ ಗಾಡಿ ಮುನ್ನುಗ್ಗುತ್ತದೆ. ಸೊನ್ನೆಯಿಂದ 60ಕ್ಕೆ ಸುಮಾರು ನಾಲ್ಕು ಸೆಕೆಂಡ್. ಇವತ್ತಿನ ಎಷ್ಟೋ ಗಾಡಿಗಳು ಇದಕ್ಕಿಂತ ವೇಗವಾಗಿವೆ. ಅವುಗಳಲ್ಲಿ ವೇಗ ನೀವು ಕೇಳಿದಷ್ಟು ಬರುತ್ತದೆ. ಇಲ್ಲಿ ಕೇಳಿದ ಸ್ವಲ್ಪ ಹೊತ್ತಿಗೆ, ಕೇಳಿದ್ದಕ್ಕಿಂತ ಜಾಸ್ತಿ, ಬಡ್ಡಿ ಸಮೇತ ಬರುತ್ತದೆ.

ಹಾಗಾಗಿ ಮೊದಲ ವಾರ ಖಾಲಿ ರಸ್ತೆಯಲ್ಲಿ, ಒಬ್ಬರೇ, ಮೂರನೇ ಗೇರಿನಲ್ಲಿ ಅಭ್ಯಾಸ ಮಾಡಿ. 3,500ರಿಂದ ನಿಧಾನ ಏರಿಸುತ್ತ ಆ ಬದಲಾಗುವ ಗೆರೆ ನಿಮ್ಮ ಗಾಡಿಯಲ್ಲಿ ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ಒಂದೊಂದು ಗಾಡಿಯಲ್ಲಿ ಒಂದೊಂದು ಕಡೆ ಇರುತ್ತದೆ, ಪೋರ್ಟ್ ಕೆರೆಸಿದ್ದರೆ ಇನ್ನೂ ಮೇಲೆ. ಅದು ಗೊತ್ತಾದ ಮೇಲೆ ಎರಡನೇ ಗೇರು, ಆಮೇಲೆ ಒಂದು. ಒಂದನೇ ಗೇರಿನಲ್ಲಿ ಮುಂದಿನ ಚಕ್ರ ಏಳುವುದು ಸಾಮಾನ್ಯ, ಹಿಂದೆ ಯಾರಾದರೂ ಕೂತಿದ್ದರೆ ಇನ್ನೂ ಸುಲಭವಾಗಿ ಏಳುತ್ತದೆ. ಹೊರಡುವಾಗ ಮೈ ಮುಂದಕ್ಕೆ ಬಾಗಿಸಿ, ಕ್ಲಚ್ಚನ್ನು ಮೆಲ್ಲಗೆ ಬಿಡಿ. ಎದ್ದರೆ ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ, ಬಲಗೈಯನ್ನು ಒಮ್ಮೆಲೇ ಮುಚ್ಚಬೇಡಿ, ಮುಚ್ಚಿದರೆ ಧಡ್ ಎಂದು ಕೆಳಗೆ ಬೀಳುತ್ತದೆ.

ತಿರುವಿನಲ್ಲಿ ಒಂದೇ ನಿಯಮ: ಒಳಗೆ ಹೋಗುವ ಮೊದಲೇ ಯಾವ ಗೇರು ಬೇಕೋ ಅದು ಬಿದ್ದಿರಲಿ, ತಿರುವಿನ ನಡುವೆ ಆ ಗೆರೆ ದಾಟುವ ಹಾಗೆ ಮಾತ್ರ ಆಗಬಾರದು. ತೆಳುವಾದ ಹಳೆ ಅಳತೆಯ ಟಯರುಗಳು, ಮೆತ್ತನೆ ಫೋರ್ಕು. ವಾಲಿರುವಾಗ ಹಿಂದಿನ ಚಕ್ರಕ್ಕೆ ಒಮ್ಮೆಲೇ ಶಕ್ತಿ ಬಂದರೆ ಸರಿಮಾಡಿಕೊಳ್ಳಲು ಸಮಯ ಸಿಗುವುದಿಲ್ಲ. ಗಾಡಿ ತಿರುವಿನಲ್ಲಿ ಆಡುತ್ತಿದೆ ಅನ್ನಿಸಿದರೆ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ ನೋಡಿಸಿ. ಹಿಂದಿನ ಚಕ್ರ ಹಿಡಿದು ಎಡಬಲ ಅಲ್ಲಾಡಿಸಿದರೆ ಆಟ ಕೈಗೇ ಸಿಗುತ್ತದೆ. ಕಂಚಿನ ಬುಷ್ ಹಾಕಿಸಿದರೆ ಗಾಡಿಯ ನಡವಳಿಕೆಯೇ ಬದಲಾಗುತ್ತದೆ. ಹ್ಯಾಂಡಲ್ ಬಳಿಯ ಬಾಲ್‌ರೇಸ್ ತೆಗೆದು ಟೇಪರ್ ಬೇರಿಂಗ್ ಹಾಕಿಸುವುದೂ ಒಳ್ಳೆಯ ಖರ್ಚು.

ಟೂ ಸ್ಟ್ರೋಕಿನಲ್ಲಿ ಎಂಜಿನ್ ಬ್ರೇಕಿಂಗ್ ಅತ್ಯಲ್ಪ. ಬುಲೆಟ್ ಓಡಿಸಿದವರಿಗೆ ಇದು ದೊಡ್ಡ ಆಘಾತ: ಆಕ್ಸಿಲರೇಟರ್ ಬಿಟ್ಟರೂ ಗಾಡಿ ತೇಲಿಕೊಂಡು ಹೋಗುತ್ತಲೇ ಇರುತ್ತದೆ. ಮುಂದಿನ ಲಾರಿಗೂ ನಿಮಗೂ ಅಂತರ ದುಪ್ಪಟ್ಟು ಇರಲಿ.

ಜೋರಾಗಿ ಹೋಗುವಾಗ ಎಡಗೈಯ ಎರಡು ಬೆರಳು ಸದಾ ಕ್ಲಚ್ ಮೇಲಿರಲಿ. ಸೀಜ್ ಆಗುವ ಮೊದಲು ಒಂದು ಕ್ಷಣ ಸೂಚನೆ ಸಿಗುತ್ತದೆ. ಯಾರೋ ಹಿಂದಿನಿಂದ ಎಳೆದ ಹಾಗೆ ಗಾಡಿ ಭಾರವಾಗುತ್ತದೆ, ಸದ್ದು ಮಂಕಾಗುತ್ತದೆ. ಆಗಲೇ ಕ್ಲಚ್ ಹಿಡಿದು ಆಕ್ಸಿಲರೇಟರ್ ಮುಚ್ಚಿ ಬದಿಗೆ ತನ್ನಿ. ಹಿಡಿಯದಿದ್ದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ.

ಹಂತ 7: ಪಾಯಿಂಟು, ಪ್ಲಗ್ಗು, ಕಾರ್ಬುರೇಟರು

ಎರಡು ಸಿಲಿಂಡರಿಗೆ ಎರಡು ಪಾಯಿಂಟ್ ಸೆಟ್ (ತೆರೆದಾಗ ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸುವ ಸ್ವಿಚ್ಚು), ಎರಡು ಕಂಡೆನ್ಸರ್, ಎರಡು ಕಾಯಿಲ್. ಪಾಯಿಂಟಿನ ಅಂತರ 0.3ರಿಂದ 0.4 ಮಿ.ಮೀ. ಟೈಮಿಂಗನ್ನು, ಅಂದರೆ ಕಿಡಿ ಹುಟ್ಟುವ ಹೊತ್ತನ್ನು, ಕಣ್ಣಳತೆಯಲ್ಲಿ ಹೊಂದಿಸುವ ಮೇಸ್ತ್ರಿಯಿಂದ ದೂರ ಇರಿ. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಳಿಸಿ, ಪಿಸ್ಟನ್ ತುತ್ತತುದಿಗೆ ಬರುವ ಮೊದಲು ಎಷ್ಟು ಮಿ.ಮೀ. ಇರುವಾಗ ಪಾಯಿಂಟ್ ತೆರೆಯಿತು ಎಂದು ಅಳೆಯಬೇಕು. ಅದು ಎಷ್ಟಿರಬೇಕು ಎಂದು ಗಾಡಿಯ ಮ್ಯಾನುಯಲ್ಲಿನಲ್ಲಿ ನೋಡಿಕೊಳ್ಳಿ. ಒಂದು ಬದಿ ಸರಿಮಾಡಿದಾಗ ಇನ್ನೊಂದು ಕದಲಿರಬಹುದು, ಎರಡನ್ನೂ ಕೊನೆಗೆ ಮತ್ತೊಮ್ಮೆ ನೋಡಿ. ಟೈಮಿಂಗ್ ಮುಂದಾದರೆ ಪಿಸ್ಟನ್ನಿಗೆ ತೂತು ಬೀಳುತ್ತದೆ, ಹಿಂದಾದರೆ ಗಾಡಿ ಕಾಯುತ್ತದೆ, ಓಡುವುದಿಲ್ಲ. ಈ ತಲೆನೋವೇ ಬೇಡ ಎನ್ನುವವರು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಎರಡು ಕಾರ್ಬುರೇಟರ್‌ಗಳ ಸ್ಲೈಡ್ ಒಟ್ಟಿಗೇ ಏಳಬೇಕು. ಏರ್ ಫಿಲ್ಟರ್ ಬದಿ ಬಿಚ್ಚಿ, ಒಂದೊಂದು ಬೆರಳು ಒಂದೊಂದು ಸ್ಲೈಡಿನ ಕೆಳಗಿಟ್ಟು ಆಕ್ಸಿಲರೇಟರ್ ಮೆಲ್ಲಗೆ ತಿರುಗಿಸಿದರೆ ಯಾವುದು ಮೊದಲು ಎದ್ದಿತು ಎಂದು ಬೆರಳೇ ಹೇಳುತ್ತದೆ. ಕೇಬಲ್ ಅಡ್ಜಸ್ಟರಿನಲ್ಲಿ ಸರಿಮಾಡಿ. ಅದಾದ ಮೇಲೆ ಆಯಿಲ್ ಪಂಪಿನ ಕೇಬಲ್ಲನ್ನೂ ಹೊಂದಿಸಬೇಕು. ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಪ್ಲಗ್ ಎನ್‌ಜಿಕೆ ಬಿ8ಎಚ್‌ಎಸ್. ಆಗಾಗ ತೆಗೆದು ಬಣ್ಣ ನೋಡಿ. ತಿಳಿ ಕಂದು ಇದ್ದರೆ ನೆಮ್ಮದಿ. ಕಪ್ಪಗೆ ಒದ್ದೆಯಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ. ಬೆಳ್ಳಗೆ ಇದ್ದರೆ ಅವತ್ತೇ ಗಾಡಿ ನಿಲ್ಲಿಸಿ ಕಾರಣ ಹುಡುಕಿ. ಎರಡು ಪ್ಲಗ್ಗಿನ ಬಣ್ಣ ಬೇರೆ ಬೇರೆ ಇದ್ದರೂ ಅಷ್ಟೇ. ದಿನವೂ ಟ್ರಾಫಿಕ್ಕಿನಲ್ಲೇ ತೆವಳುವ ಗಾಡಿಗೆ ಪ್ಲಗ್ ಕಪ್ಪಾಗುವುದು ಸಹಜ, ವಾರಕ್ಕೊಮ್ಮೆ ಹೈವೇಗೆ ಒಯ್ದು ಉಸಿರಾಡಿಸಿ.

ಸೈಲೆನ್ಸರ್ ಬಗ್ಗೆ

ಗಾಡಿ ಕೊಂಡ ಹೊಸತರಲ್ಲಿ ಎಲ್ಲರೂ ಮೊದಲು ಬದಲಿಸುವುದು ಇದನ್ನೇ. ಹೊಟ್ಟೆಯುಬ್ಬಿದ ಎಕ್ಸ್‌ಪ್ಯಾನ್ಷನ್ ಚೇಂಬರ್ ಹಾಕಿದರೆ ಗಾಡಿ ಓಡುತ್ತದೆ ಎಂಬ ನಂಬಿಕೆ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರಿನ ಆಕಾರ ಎಂಜಿನ್ನಿನ ಒಂದು ಭಾಗವೇ ಹೌದು. ಪೈಪಿನೊಳಗಿನ ಒತ್ತಡದ ಅಲೆ ವಾಪಸ್ ಬಂದು, ಹೊರಗೆ ಸೋರುತ್ತಿದ್ದ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಆ ಅಲೆ ಸರಿಯಾದ ಹೊತ್ತಿಗೆ ಬಂದರೆ ಮಾತ್ರ ಲಾಭ. ಅಳತೆ ಗೊತ್ತಿಲ್ಲದೆ ವೆಲ್ಡಿಂಗ್ ಮಾಡಿದ ಪೈಪಿನಿಂದ ಸಿಗುವುದು ಸದ್ದು, ಪೊಲೀಸರ ದಂಡ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಿಸದಿದ್ದರೆ ಸೀಜ್. ಮೂಲ ಸೈಲೆನ್ಸರ್ ಸಿಕ್ಕರೆ ಬಿಡಬೇಡಿ. ತುದಿಯ ಸ್ಕ್ರೂ ತೆಗೆದರೆ ಒಳಗಿನ ಬ್ಯಾಫಲ್ ಹೊರಬರುತ್ತದೆ. ಅದಕ್ಕೆ ಮೆತ್ತಿದ ಮಸಿಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ (ಕೈಗೆ ಗ್ಲೌಸ್ ಇರಲಿ) ಉಜ್ಜಿ ಹಾಕಿದರೆ, ಸತ್ತಂತಿದ್ದ ಪಿಕಪ್ ಎಷ್ಟೋ ಸಲ ಹಾಗೇ ವಾಪಸ್ ಬಂದಿದೆ.

ಬಿಡಿಭಾಗ, ಪೆಟ್ರೋಲ್

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಣ್ಣಪುಟ್ಟದ್ದು ಸಿಗುತ್ತದೆ, ಆದರೆ ಹೊಸ ಪೊಟ್ಟಣದಲ್ಲಿ ಬಂದದ್ದೆಲ್ಲ ಮೂಲ ಭಾಗವಲ್ಲ. ಪಿಸ್ಟನ್, ರಿಂಗ್, ಸೀಲ್ ಈ ಮೂರರಲ್ಲಿ ಅಗ್ಗದ್ದು ಕೊಳ್ಳಬೇಡಿ. ಜಪಾನ್, ಅಮೆರಿಕ, ಯುರೋಪಿನಲ್ಲೂ ಆರ್‌ಡಿ 350 ಓಡಿಸುವವರು ಇರುವುದರಿಂದ ಎಂಜಿನ್ ಭಾಗಗಳನ್ನು ತರಿಸಿಕೊಳ್ಳುವುದು ಸಾಧ್ಯ. ತರಿಸುವಾಗ ಆರ್‌ಡಿ 350 ಎಲ್‌ಸಿ ಎಂದಿದ್ದರೆ ಕೈ ಹಾಕಬೇಡಿ, ಅದು 1980ರ ನೀರು ತಣಿಸುವ ಎಂಜಿನ್, ಬೇರೆಯೇ ಗಾಡಿ.

ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. ಈ ಗಾಡಿಯ ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಕಾಕಿನ ವಾಷರು, ಕಾರ್ಬುರೇಟರಿನ ಸೀಲು ಅದಕ್ಕೆ ತಯಾರಾದವಲ್ಲ, ಉಬ್ಬಿ ಬಿರುಕು ಬಿಡುತ್ತವೆ. ಎಥನಾಲ್ ತಡೆಯುವ ಪೈಪು ಹಾಕಿಸಿ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕಾಕ್ ಆಫ್ ಮಾಡಿ, ಕಾರ್ಬುರೇಟರಿನ ಪೆಟ್ರೋಲ್ ಮುಗಿದು ಗಾಡಿ ತಾನಾಗಿ ಆಫ್ ಆಗುವವರೆಗೆ ಓಡಿಸಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಳಗೆ ಆಯಿಲ್ ಸವರಿಡುವುದು ಇನ್ನೂ ಮೇಲು.

ದೂರ ಹೋಗುವಾಗ ಸೀಟಿನ ಕೆಳಗೆ ಅಥವಾ ಚೀಲದಲ್ಲಿ ಇಷ್ಟಿರಲಿ: ಎರಡು ಪ್ಲಗ್, ಪ್ಲಗ್ ಸ್ಪ್ಯಾನರ್, ಆಕ್ಸಿಲರೇಟರ್ ಕೇಬಲ್, ಒಂದು ಚೈನ್ ಲಾಕ್, ಪಾಯಿಂಟ್ ಉಜ್ಜಲು ಮರಳುಕಾಗದದ ಚೂರು, ಫ್ಯೂಸ್, ಅರ್ಧ ಲೀಟರ್ 2ಟಿ ಆಯಿಲ್. ಎಲ್ಲ ಬಂಕುಗಳಲ್ಲೂ 2ಟಿ ಆಯಿಲ್ ಸಿಗುತ್ತಿದ್ದ ಕಾಲ ಹೋಯಿತು.